ಯಾರ ಉಗುರಿಗೆ ಬೆಚ್ಚಗೆ

ಉಗುರುಬೆಚ್ಚಗೆ ಎನ್ನುವ ಮಾತನ್ನು ನಾನು ಆಡುವುದು ಬಿಟ್ಟು ಕೆಲವು ವರ್ಷಗಳಾದವು. ಡಾಕ್ಟರು ಚೀಟಿಯಲ್ಲಿ ಬರೆದಿದ್ದರೂ ರೋಗಿಯ ಕಡೆಯವರಿಗೆ ಅದನ್ನು ಹಾಗೇ ಓದಿ ಹೇಳುವುದಿಲ್ಲ. ಬೇರೆ ಏನೇನೋ ಸುತ್ತಿ ಬಳಸಿ ಹೇಳುತ್ತೇನೆ, ಮಾಡಿ ತೋರಿಸುತ್ತೇನೆ, ಅವರಿಂದಲೂ ಮಾಡಿಸುತ್ತೇನೆ. ಒಂದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಜೊತೆಯಲ್ಲಿ ಕೆಲಸ ಮಾಡುವವರು ನಗುತ್ತಾರೆ. "ಪಾಪ, ಆ ಪದ ನಿಮಗೇನು ಮಾಡ್ತು?" ಎಂದು ಒಬ್ಬಳು ಕೇಳಿದಳು. ಪದದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನನ್ನ ಮೇಲೆ. ಯಾಕೆ ಎನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ನಾನು ರಾಮನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸು. ಹುಟ್ಟಿ ಬೆಳೆದದ್ದು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಕಡೆ, ಬೇಸಾಯದ ಮನೆಯಲ್ಲಿ. ನಮ್ಮ ಮನೆಯಲ್ಲಿ ಯಾರಿಗೆ ಎಲ್ಲಿ ನೋವು ಬಂದರೂ ಮದ್ದು ಒಂದೇ, ಶಾಖ. ಬಾಣಲೆಯಲ್ಲಿ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು. ಹರಳೆಲೆಗೆ ಎಣ್ಣೆ ಸವರಿ ಕೆಂಡದ ಮೇಲೆ ಬಾಡಿಸುತ್ತಿದ್ದರು. ಸೊಂಟ ಹಿಡಿದುಕೊಂಡರೆ ಒಲೆಯೊಳಗಿನ ಇಟ್ಟಿಗೆಯನ್ನೇ ತೆಗೆದು ಗೋಣಿ ಚೂರಿನಲ್ಲಿ ಸುತ್ತಿ ಇಟ್ಟುಬಿಡುತ್ತಿದ್ದರು. ಅಯ್ಯೋ ಬಿಸಿ ಎಂದರೆ ಅವ್ವ ಗದರುತ್ತಿದ್ದಳು. "ಶಾಖ ಅಂದ್ರೆ ಚುರ್ ಅನ್ಬೇಕು ಕಣೆ, ಇಲ್ದಿದ್ರೆ ನೋವು ಎಲ್ಲಿ ಹೋಯ್ತದೆ?" ಅಪ್ಪನ ಬೆನ್ನಿನ ಮೇಲೆ ಇಟ್ಟಿಗೆಯ ಅಂಚಿನ ಗುರುತು ಕೊನೆಯವರೆಗೂ ಇತ್ತು. ಅದು ಸುಟ್ಟ ಗಾಯ ಎಂದು ನನಗೆ ಹೊಳೆದದ್ದು ನರ್ಸಿಂಗ್ ಓದುವಾಗ.

ಓದಿದ ಮೇಲೆ ನಾನು ಮಹಾ ತಿಳಿದವಳಾದೆ. ಶಾಖ ಕೊಡುವ ಮೊದಲು ಚರ್ಮ ನೋಡಬೇಕು. ಗಾಯದ ಮೇಲೆ, ಹೊಸದಾಗಿ ಪೆಟ್ಟು ಬಿದ್ದು ಊದಿದ ಜಾಗದ ಮೇಲೆ ಬಿಸಿ ಇಡಬಾರದು. ಬಿಸಿನೀರಿನ ಚೀಲವಾಗಲಿ ಐಸಾಗಲಿ, ಚರ್ಮಕ್ಕೂ ಅದಕ್ಕೂ ನಡುವೆ ಬಟ್ಟೆ ಇರಲೇಬೇಕು. ಆಗಾಗ ಬಟ್ಟೆ ಎತ್ತಿ ನೋಡಬೇಕು, ಹದಿನೈದು ಇಪ್ಪತ್ತು ನಿಮಿಷಕ್ಕೆ ತೆಗೆಯಬೇಕು, ಅದನ್ನು ಇಟ್ಟುಕೊಂಡು ನಿದ್ದೆ ಹೋಗಬಾರದು. ಇದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದೆ. ತಪ್ಪಿದವರನ್ನು ಕಂಡರೆ ಮೈಮೇಲೆ ಬಂದಂತೆ ಆಡುತ್ತಿದ್ದೆ. ಒಮ್ಮೆ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯ ಕುಂಟುತ್ತಾ ಬಂದ. ಪಾದ ಉಳುಕಿದೆ, ಐಸ್ ಇಡಬೇಕು ಎಂದು ಯಾರೋ ಹೇಳಿದ್ದಾರೆ. ಇವನು ಕಬ್ಬಿನ ಹಾಲಿನ ಗಾಡಿಯಿಂದ ಐಸಿನ ಗಡ್ಡೆ ಇಸಿದುಕೊಂಡು, ಬರಿ ಚರ್ಮಕ್ಕೆ ಒತ್ತಿ, ಮೇಲೆ ಟವೆಲ್ ಬಿಗಿದು ಬಸ್ಸಿನಲ್ಲಿ ಕೂತುಬಿಟ್ಟಿದ್ದಾನೆ. ಬಿಚ್ಚಿ ನೋಡಿದರೆ ಚರ್ಮ ಬಿಳುಚಿಕೊಂಡು ಗುಳ್ಳೆ ಎದ್ದಿದೆ. "ಐಸೂ ಸುಡ್ತದಾ ಸಿಸ್ಟರ್?" ಎಂದ. "ಸುಡದೆ ಇನ್ನೇನು, ನಿಮ್ಮನ್ನ ಮುದ್ದಾಡ್ತದಾ?" ಎಂದು ನಾನು ಎಲ್ಲರ ಎದುರಿಗೆ ಮಂಗಳಾರತಿ ಎತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ಅದು ಒಳ್ಳೆಯದಕ್ಕೇ ಎಂದು ಆಗ ನಂಬಿದ್ದೆ.

ಹೀಗಿರುವಾಗ ಒಂದು ಸೋಮವಾರ ಅತ್ತೆ ಸೊಸೆ ಇಬ್ಬರು ಬಂದರು. ಊರಿನ ರೇಷ್ಮೆ ನೂಲು ತೆಗೆಯುವ ಮುಸಲ್ಮಾನರ ಮನೆಯವರು. ಅತ್ತೆಗೆ ಅರವತ್ತು ದಾಟಿತ್ತು, ಶುಗರ್ ಇತ್ತು, ಎರಡೂ ಮಂಡಿ ನೋವು. ಸೊಸೆಗೆ ನಲವತ್ತರ ಮೇಲಿರಬಹುದು. ಅತ್ತೆಯನ್ನು ತೋಳಿನ ಕೆಳಗೆ ಕೈ ಕೊಟ್ಟು ಮೆಟ್ಟಿಲು ಹತ್ತಿಸಿಕೊಂಡು ಬಂದವಳು, ಡಾಕ್ಟರು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಹೇಳುತ್ತಿದ್ದಳು. ಅತ್ತೆ ಎಷ್ಟು ಹೊತ್ತಿಗೆ ಏನು ತಿಂದರು, ಯಾವ ಮಾತ್ರೆ ಬಿಟ್ಟರು, ರಾತ್ರಿ ಎಷ್ಟು ಸಲ ಎದ್ದರು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಡಾಕ್ಟರು ಮಂಡಿ ಮಡಿಸಿ ನೋಡಿ, ಮಾತ್ರೆ ಬರೆದು, ದಿನಕ್ಕೆರಡು ಸಲ ಮಂಡಿಗೆ ಬಿಸಿ ಶಾಖ ಎಂದು ಬರೆದರು. ಹೇಗೆ ಕೊಡಬೇಕೆಂದು ಹೇಳಿಕೊಡುವುದು ನನ್ನ ಕೆಲಸ.

ಸೋಮವಾರದ ಗದ್ದಲ. ಹೊರಗೆ ಜನ ಬಾಗಿಲಿಗೆ ಒರಗಿಕೊಂಡು ನಿಂತಿದ್ದರು. ನಾನು ಕೈಯಲ್ಲಿ ಬೇರೆಯವರ ಚೀಟಿ ಹಿಡಿದುಕೊಂಡೇ ಅವಳಿಗೆ ಹೇಳಿದೆ. "ಉಗುರುಬೆಚ್ಚಗಿನ ನೀರು ಅಮ್ಮ. ಬಟ್ಟೆ ಅದ್ದಿ, ಹಿಂಡಿ, ಮಂಡಿ ಮೇಲೆ ಇಡಿ. ಮೊದಲು ನಿಮ್ಮ ಕೈ ಇಟ್ಟು ನೋಡಿ. ನಿಮ್ಮ ಕೈಗೆ ಹಿತವಾಗಿದ್ರೆ ಅವರಿಗೂ ಹಿತ."

"ನನ್ನ ಕೈಗೆ ಹಿತವಾಗಿದ್ರೆ ಅಮ್ಮೀಗೂ ಹಿತ," ಎಂದು ಅವಳು ಪಾಠ ಒಪ್ಪಿಸುವಂತೆ ತಿರುಗಿ ಹೇಳಿದಳು. ಹೇಳಿದ್ದನ್ನು ಹೀಗೆ ತಿರುಗಿ ಹೇಳುವವರು ಕಡಿಮೆ. ನನಗೆ ಖುಷಿಯಾಯಿತು. ಜಾಣೆ ಎಂದುಕೊಂಡು ಮುಂದಿನವರನ್ನು ಕರೆದೆ.

ಹತ್ತು ಹನ್ನೆರಡು ದಿನ ಕಳೆದು ಅದೇ ಇಬ್ಬರು ಆಟೋದಲ್ಲಿ ಬಂದರು. ಈ ಸಲ ಅತ್ತೆಯನ್ನು ಮಗ ಎತ್ತಿಕೊಂಡು ಬಂದ. ಬಲಗಾಲಿಗೆ ಒದ್ದೆ ಬಟ್ಟೆ ಸುತ್ತಿತ್ತು. ಬಿಚ್ಚಿದೆ. ಪಾದದ ತುಂಬ ದೊಡ್ಡ ದೊಡ್ಡ ಬೊಬ್ಬೆ, ಕೆಲವು ಒಡೆದು ಚರ್ಮ ಸುಲಿದು ಬಂದಿತ್ತು, ಬೆರಳ ಸಂದಿಯಲ್ಲಿ ಕೀವು ಕಟ್ಟಿಕೊಂಡು ವಾಸನೆ ಬರುತ್ತಿತ್ತು. ಸುಟ್ಟು ನಾಲ್ಕು ದಿನವಾಗಿತ್ತಂತೆ, ಮನೆಯಲ್ಲೇ ಏನೋ ಮುಲಾಮು ಹಚ್ಚಿದ್ದರಂತೆ. ನನಗೆ ಹೆದರಿಕೆಯಾದದ್ದು ಗಾಯ ನೋಡಿ ಅಲ್ಲ. ಅಷ್ಟು ಗಾಯ ಇಟ್ಟುಕೊಂಡು ಆ ತಾಯಿ ನೆಮ್ಮದಿಯಾಗಿ ಕೂತು ಫ್ಯಾನು ಜೋರು ಮಾಡಿ ಎಂದು ಕೇಳುತ್ತಿದ್ದರು. ಡಾಕ್ಟರು ಹತ್ತಿ ಸವರಿದರು, ಆಮೇಲೆ ಸೂಜಿಯ ಮೊನೆ ತಾಗಿಸಿದರು. ಗೊತ್ತಾಗುತ್ತಾ, ಗೊತ್ತಾಗುತ್ತಾ ಎಂದು ಕೇಳುತ್ತಾ ಹೋದರು. ಕಾಲಿನ ಗಂಟಿನ ಮೇಲಕ್ಕೆ ಬರುವ ತನಕ ಆಕೆ ಇಲ್ಲ ಎನ್ನುತ್ತಲೇ ಇದ್ದರು. ಶುಗರಿನಿಂದ ಪಾದದ ಸ್ಪರ್ಶ ಹೋಗಿ ಎಷ್ಟು ವರ್ಷವಾಗಿತ್ತೋ ಯಾರಿಗೂ ಗೊತ್ತಿರಲಿಲ್ಲ.

ಆದದ್ದು ಇಷ್ಟು. ಸೊಸೆ ಮಂಡಿಗೆ ಶಾಖ ಕೊಟ್ಟು ಅತ್ತೆಗೆ ಗುಣ ಕಂಡಿತ್ತು. ಅತ್ತೆ ಪಾದ ಜುಮ್ಮೆನ್ನುತ್ತದೆ, ತಣ್ಣಗಿದೆ ಎಂದರು. ಮಂಡಿಗೆ ಒಳ್ಳೆಯದಾದದ್ದು ಪಾದಕ್ಕೂ ಒಳ್ಳೆಯದೇ ಎಂದುಕೊಂಡು ಇವಳು ಟಬ್ಬಿನಲ್ಲಿ ಬಿಸಿನೀರು ಹಾಕಿ, ಕೈ ಇಟ್ಟು ನೋಡಿ, ಅತ್ತೆಯ ಬಲಗಾಲನ್ನು ಅದರಲ್ಲಿ ಇಳಿಸಿ ಕೂರಿಸಿದಳು. ಅತ್ತೆ ಹಾಯಾಗಿದೆ ಎಂದರು. ಅರ್ಧ ಗಂಟೆ ಹಾಗೇ ಕೂತಿದ್ದರು.

"ಕೈ ಇಟ್ಟು ನೋಡಿದ್ರಾ?" ಎಂದೆ.

"ನೋಡ್ದೆ ಸಿಸ್ಟರ್. ನೀವು ಹೇಳ್ದಂಗೇ ನೋಡ್ದೆ. ಬೆಚ್ಚಗಿತ್ತು ಅಷ್ಟೇ."

ಸುಳ್ಳು ಎನಿಸಿತು. ಇಷ್ಟು ಬೊಬ್ಬೆ ಬರುವ ನೀರಿನಲ್ಲಿ ಕೈ ಇಟ್ಟವರು ಬೆಚ್ಚಗಿತ್ತು ಎನ್ನಲು ಸಾಧ್ಯವೇ ಇಲ್ಲ. ನನಗೆ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ. "ಏನಮ್ಮ, ಕಣ್ಣು ಮುಚ್ಕೊಂಡು ಬೇಯಿಸಿಬಿಟ್ರಾ? ಅತ್ತೆ ಕಾಲನ್ನ ರೇಷ್ಮೆ ಗೂಡು ಅಂದ್ಕೊಂಡ್ರಾ?"

ಅವಳ ಮುಖ ಕಪ್ಪಿಟ್ಟಿತು. ಗಂಡ ತಲೆ ತಗ್ಗಿಸಿದ. ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಇಣುಕಿ ನೋಡಿದರು. ಆ ಮಾತು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಆ ತಾಯಿಯ ಮಗಳು ಚನ್ನಪಟ್ಟಣದಿಂದ ಬಂದಳು. ಅಲ್ಲಿನ ಬೊಂಬೆ ಮಾಡುವವರ ಮನೆಗೆ ಕೊಟ್ಟಿದ್ದರು. ಸೊಸೆಯ ವಯಸ್ಸಿನವಳೇ, ಮಾತುಗಾರ್ತಿ. ಬರುವಷ್ಟರಲ್ಲಿ ನನ್ನ ಮಾತು ಯಾರ ಬಾಯಿಂದಲೋ ಅವಳ ಕಿವಿಗೆ ಬಿದ್ದಿತ್ತು. ಮನೆಯವರು ತಮ್ಮತಮ್ಮಲ್ಲಿ ಉರ್ದು ಆಡುವವರು, ಆದರೆ ಅವಳು ನಮಗೂ ತಿಳಿಯಲಿ ಎಂದೇ ಕನ್ನಡದಲ್ಲಿ ಕೂಗಿದಳು. "ಸಿಸ್ಟರ್ರೇ ಹೇಳವ್ರೆ, ಗೂಡು ಬೇಯಿಸ್ದಂಗೆ ನಮ್ಮಮ್ಮನ ಕಾಲು ಬೇಯಿಸವ್ಳೆ ಅಂತ. ಬೇಕೂ ಬೇಕಂತ ಮಾಡವ್ಳೆ. ನೋಡ್ಕೊಂಡು ನೋಡ್ಕೊಂಡು ಸಾಕಾಗೈತೆ ಇವ್ಳಿಗೆ."

ನಾನು ಹಾಗೆ ಹೇಳಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅರ್ಧಕ್ಕರ್ಧ ಹಾಗೇ ಹೇಳಿದ್ದೆನಲ್ಲ.

ಡಾಕ್ಟರು ಮಗ ಮಗಳಿಬ್ಬರನ್ನೂ ಕೂರಿಸಿಕೊಂಡು ಇದ್ದದ್ದನ್ನು ಹೇಳಿದರು. ಶುಗರ್ ಜಾಸ್ತಿ ಇದೆ, ಕೀವು ಒಳಗೆ ಹೋಗಿದೆ. ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟು ನೋಡೋಣ. ತಡೆಯದಿದ್ದರೆ ಬೆರಳು ತೆಗೆಯಬೇಕಾಗಬಹುದು, ಅದಕ್ಕೂ ನಿಲ್ಲದಿದ್ದರೆ ಅರ್ಧ ಪಾದ. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ತೀರ್ಮಾನ ಹೇಳಿದಳು. ಕಾಲು ಉಳಿಯಲಿ ಹೋಗಲಿ, ಅಮ್ಮನನ್ನು ಇಲ್ಲಿಂದ ಸೀದಾ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯ ತನಕ ಅತ್ತಿಗೆ ಅಮ್ಮನನ್ನು ಮುಟ್ಟಕೂಡದು. ಅಣ್ಣ ಎನ್ನಿಸಿಕೊಂಡವನು ಹ್ಞೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಇಂಥ ಗಂಡಸರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಸೊಸೆ ವಾರ್ಡಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಳು. ಎರಡು ದಿನ ಕೂತಳು. ಬೆಳಿಗ್ಗೆ ಮನೆಯಿಂದ ಗಂಜಿ ಮಾಡಿಕೊಂಡು ತರುವಳು, ನಾದಿನಿ ಅದನ್ನು ಬಾಗಿಲಲ್ಲೇ ಇಸಿದುಕೊಂಡು ಒಳಗೆ ಹೋಗುವಳು. ನಾನು ಹಾದುಹೋದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು. ಮಾತಾಡಿಸುತ್ತಿರಲಿಲ್ಲ. ನನಗೂ ಮಾತಾಡಿಸಲು ಬಿಗುಮಾನ.

ಮೂರನೆಯ ದಿನ ಬೆಳಿಗ್ಗೆ ಎದುರಿನ ವಾರ್ಡಿನಲ್ಲಿ ಮಾಗಡಿ ಕಡೆಯ ಕೆಂಪಾಪುರದ ಒಬ್ಬ ಗೌಡರಿಗೆ ಡ್ರಿಪ್ ಹಾಕಿದ್ದ ಕೈ ಊದಿಕೊಂಡಿತ್ತು. ಡ್ರಿಪ್ ತೆಗೆದು ಶಾಖ ಕೊಡಿ ಎಂದಿದ್ದರು ಡಾಕ್ಟರು. ನಾನು ಕಾಯಿಸಿದ ನೀರನ್ನು ಬೇಸಿನ್ನಿನಲ್ಲಿ ತಂದು ಸ್ಟೂಲಿನ ಮೇಲಿಟ್ಟೆ. ಆವಿ ಏಳುತ್ತಿತ್ತು. ಬಟ್ಟೆಯನ್ನು ಅದರೊಳಕ್ಕೆ ಹಾಕಿ, ಬೆರೆಸಲು ತಣ್ಣೀರು ತರೋಣವೆಂದು ತಿರುಗಿದೆ. ಗೌಡರ ಹೆಂಡತಿ ಟೀ ತರಲು ಹೋಗಿದ್ದರು. ನಾನೊಬ್ಬಳೇ ಒದ್ದಾಡುತ್ತಿರುವುದನ್ನು ಬಾಗಿಲಿಂದ ಕಂಡು ಸೊಸೆ ಒಳಗೆ ಬಂದಿರಬೇಕು. ನಾನು ಜಗ್ಗು ಹಿಡಿದು ಈ ಕಡೆ ತಿರುಗುವಷ್ಟರಲ್ಲಿ ಅವಳು ಎರಡೂ ಕೈ ನೀರಿನೊಳಕ್ಕೆ ಇಳಿಸಿ, ಬಟ್ಟೆ ಎತ್ತಿ, ಹಿಂಡಿ, ಮಡಿಸಿ ನನ್ನ ಕೈಗೆ ಕೊಟ್ಟಳು.

ಇಸಿದುಕೊಂಡವಳು ಹಾ ಎಂದು ಕೆಳಗೆ ಬಿಸಾಡಿದೆ. ಅಂಗೈ ಉರಿದುಹೋಯಿತು.

"ಏನಾಯ್ತು ಸಿಸ್ಟರ್?" ಎಂದು ಅವಳೇ ಗಾಬರಿಯಾದಳು.

"ಬಿಸಿ ಅಮ್ಮ! ಹೆಂಗೆ ಹಿಡ್ಕೊಂಡ್ರಿ ಅದನ್ನ?"

"ಇದಾ?" ಅವಳು ಬಗ್ಗಿ ಬಟ್ಟೆಯನ್ನು ಎತ್ತಿಕೊಂಡು ಎರಡು ಕೈಯಲ್ಲೂ ಅಮುಕಿ ನೋಡಿದಳು. "ಬೆಚ್ಚಗೈತೆ ಅಷ್ಟೇ."

ಅದೇ ಮಾತು. ಅವಳ ಕೈಯನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದೆ. ಬೆರಳುಗಳ ತುದಿಗಳು ಬಿಳಿಚಿಕೊಂಡು, ಗಟ್ಟಿಯಾಗಿ, ಮೇಲೆ ಒಂದು ಗೆರೆ ಕೂಡ ಇಲ್ಲದೆ ನುಣ್ಣಗಿದ್ದವು. ನಾನು ದಿಟ್ಟಿಸುತ್ತಿರುವುದನ್ನು ಕಂಡು ಅವಳು ನಾಚಿಕೊಂಡು ನಕ್ಕಳು. "ರೇಷನ್ ಅಂಗಡಿ ಮಿಷನ್ನೂ ನನ್ನ ಹೆಬ್ಬೆಟ್ಟು ತಗಳಲ್ಲ ಸಿಸ್ಟರ್. ಪ್ರತಿ ತಿಂಗ್ಳೂ ಜಗಳ. ನೀನು ಮನುಷ್ಯಳೇ ಅಲ್ವಾ ಅಂತಾನೆ ಅವ್ನು."

ನೂಲು ತೆಗೆಯುವುದನ್ನು ನಾನು ನೋಡದವಳಲ್ಲ. ದಿನಾ ಕೆಲಸಕ್ಕೆ ಬರುವುದೇ ಆ ಬೀದಿಯಲ್ಲಿ. ಬೇಯಿಸಿದ ಗೂಡುಗಳನ್ನು ಬಿಸಿನೀರಿನ ಬೇಸಿನ್ನಿಗೆ ಸುರಿಯುತ್ತಾರೆ. ಅದರ ಮುಂದೆ ಕೂತವರು ನೀರಿನಲ್ಲೇ ಬೆರಳಾಡಿಸಿ ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ ಎತ್ತಿ ಕೊಡುತ್ತಿರಬೇಕು, ಎಳೆ ಕಡಿದರೆ ಮತ್ತೆ ಹುಡುಕಬೇಕು. ಬೆಳಿಗ್ಗೆ ಕೂತರೆ ಸಂಜೆಯ ತನಕ ಕೈ ನೀರಿನಲ್ಲೇ. ಬೆಂದ ಹುಳದ ವಾಸನೆಗೆ ಮೂಗು ಮುಚ್ಚಿಕೊಂಡು ನಾನು ಆ ಬಾಗಿಲುಗಳ ಮುಂದೆ ಎಷ್ಟು ವರ್ಷ ಓಡಾಡಿದ್ದೇನೆ. ಆ ಕೈಗಳನ್ನು ನೋಡಿದ್ದೇನೆ. ಅದೇ ಕೈಗೆ ಹೋಗಿ, ನಿಮಗೆ ಹಿತವಾಗಿದ್ದರೆ ಅವರಿಗೂ ಹಿತ ಎಂದು ಹೇಳಿದ್ದೆ. ಉಗುರುಬೆಚ್ಚಗೆ ಎಂದಿದ್ದೆ. ಯಾರ ಉಗುರಿಗೆ ಎಂದು ಯೋಚಿಸಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಬಿಸಿನೀರಿನಲ್ಲಿ ಅದ್ದಿಟ್ಟ ಕೈ ಆ ನೀರನ್ನು ನೋಡಿ ಬೆಚ್ಚಗಿದೆ ಎಂದಿತು, ಸ್ಪರ್ಶ ಸತ್ತ ಕಾಲು ಹಾಯಾಗಿದೆ ಎಂದಿತು. ಇಬ್ಬರೂ ನಿಜವನ್ನೇ ಹೇಳಿದ್ದರು. ನಡುವೆ ನಾನೊಬ್ಬಳು ಬುದ್ಧಿವಂತೆ, ಅವಳನ್ನು ಸುಳ್ಳಿ ಎಂದುಕೊಂಡಿದ್ದೆ.

ಗೌಡರಿಗೆ ಶಾಖ ಕೊಟ್ಟು ಮುಗಿಸಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಅವಳು ಬೆಂಚಿಗೆ ವಾಪಸ್ಸು ಹೋಗಿ ಕೂತಳು. ಆಗಲೇ ಹೋಗಿ ಎಲ್ಲರಿಗೂ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳಿದರೆ ಆ ಮಗಳು ಬಾಯಿ ಮಾಡುತ್ತಾಳೆ, ಜನ ಸೇರುತ್ತಾರೆ, ಡಾಕ್ಟರು ನನ್ನನ್ನು ಕೆಲಸದಿಂದ ತೆಗೆದರೆ ಏನು ಗತಿ ಎಂದೆಲ್ಲ ಲೆಕ್ಕ ಹಾಕಿದೆ. ಆ ಹಗಲು ಪೂರ್ತಿ ಬಾಯಿ ಮುಚ್ಚಿಕೊಂಡಿದ್ದೆ. ಬೈಯುವಾಗ ಅಷ್ಟು ಜೋರಿದ್ದ ಬಾಯಿ ಅದು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮಾರನೆಯ ದಿನ ಡ್ರೆಸ್ಸಿಂಗ್ ಮಾಡುವಾಗ ಆ ತಾಯಿ ಮೆಲ್ಲಗೆ ಕೇಳಿದರು. "ನನ್ನ ಸೊಸೆ ಎಲ್ಲಿ ಸಿಸ್ಟರ್? ನಾಲ್ಕು ದಿನ ಆಯ್ತು, ತಲೆ ಬಾಚಿಲ್ಲ. ಮಗಳು ಬಾಚಿದ್ರೆ ನೋಯ್ತದೆ." ಸೊಸೆ ಗೋಡೆಯ ಆಚೆ ಕೂತಿದ್ದಾಳೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೆಲಸ ಇದೆ, ಅದಕ್ಕೇ ಬಂದಿಲ್ಲ ಎಂದು ಮಗಳು ಹೇಳಿಬಿಟ್ಟಿದ್ದಳು. ನನ್ನ ಕೈಯಲ್ಲಿ ಬ್ಯಾಂಡೇಜು ಅಲ್ಲೇ ನಿಂತಿತು. ಇನ್ನು ತಡೆಯಲು ಆಗಲಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋದೆ. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಆಮೇಲೆ, "ಶುಗರ್ ಪೇಷೆಂಟು. ನಾನು ಮಂಡಿ ಮಾತ್ರ ನೋಡಿದೆ, ಪಾದ ಮುಟ್ಟಲಿಲ್ಲ. ಪಾದಕ್ಕೆ ಶಾಖ ಬೇಡ ಅಂತಲೂ ಹೇಳಲಿಲ್ಲ. ಹೋಗಿ ಹೇಳಮ್ಮ, ನಾನೂ ಬರ್ತೀನಿ," ಎಂದರು. ಅವರು ಹಾಗೆಂದದ್ದು ಇವತ್ತಿಗೂ ನನಗೆ ದೊಡ್ಡ ಉಪಕಾರ.

ಓದುವವರಿಗೆ ಕಾಲಿನದೇ ಚಿಂತೆ ಇರುತ್ತದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಪಾದ ಉಳಿಯಿತು. ಕಿರುಬೆರಳೂ ಅದರ ಪಕ್ಕದ್ದೂ ಹೋದವು. ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಆದರೆ ಆವತ್ತು ನಾವು ವಾರ್ಡಿಗೆ ಹೋಗುವಾಗ ಇದು ಯಾರಿಗೂ ಗೊತ್ತಿರಲಿಲ್ಲ.

ಸೊಸೆಯನ್ನು ಬೆಂಚಿನಿಂದ ಎಬ್ಬಿಸಿ ಕರೆದುಕೊಂಡೇ ಒಳಗೆ ಹೋದೆ. ಮಗಳು ದುರುಗುಟ್ಟಿಕೊಂಡು ಎದ್ದಳು. ಮಗ ಮಂಚದ ಕಾಲ ಬಳಿ ನಿಂತಿದ್ದ.

"ತಪ್ಪು ನಂದು," ಎಂದೆ. "ಕೈಯಲ್ಲಿ ನೋಡಿ, ಕೈಗೆ ಹಿತವಾಗಿದ್ರೆ ಕೊಡಿ ಅಂತ ಹೇಳಿದ್ದು ನಾನು. ಇವರು ಹಂಗೇ ಮಾಡಿದ್ದಾರೆ. ಇವರ ಕೈಗೆ ಬಿಸಿ ಗೊತ್ತಾಗಲ್ಲ. ಅದನ್ನ ನಾನು ಕೇಳಬೇಕಿತ್ತು, ಕೇಳಲಿಲ್ಲ. ಆಮೇಲೆ ಎಲ್ಲರ ಮುಂದೆ ಇವರನ್ನೇ ಬೈದೆ. ಅದು ಇನ್ನೂ ದೊಡ್ಡ ತಪ್ಪು."

"ಬಿಸಿ ಗೊತ್ತಾಗ್ದೇ ಇರೋ ಕೈ ಯಾವ್ದೈತೆ ಸಿಸ್ಟರ್?" ಎಂದಳು ಮಗಳು. "ಯಾರ್ನ ಕಾಪಾಡಾಕೆ ಈ ಕತೆ ಹೇಳ್ತಿದೀರಿ?"

ಬಾಯಲ್ಲಿ ಹೇಳಿ ಫಲವಿಲ್ಲ ಎನಿಸಿತು. ಹೋಗಿ ಬೇಸಿನ್ನಿನಲ್ಲಿ ಬಿಸಿನೀರು ತಂದೆ. ಬೊಬ್ಬೆ ಬರುವಷ್ಟು ಬೇಡ, ಆದರೆ ಯಾರೂ ಎರಡು ಕ್ಷಣ ಕೈ ಇಡಲಾಗದಷ್ಟು ಇರಲಿ ಎಂದು ತಣ್ಣೀರು ಬೆರೆಸಿ ನನ್ನ ಮಣಿಕಟ್ಟಿನ ಮೇಲೆ ಹನಿಸಿ ನೋಡಿಕೊಂಡೆ. ಮಗಳು ಬೆರಳು ಅದ್ದಿದಳು, ಸ್ ಎಂದು ಕಿತ್ತುಕೊಂಡಳು. ಸೊಸೆಗೆ ಸನ್ನೆ ಮಾಡಿದೆ. ಅವಳು ಮಣಿಕಟ್ಟಿನ ತನಕ ಕೈ ಇಳಿಸಿದಳು. ಇಳಿಸಿಕೊಂಡು ಎಲ್ಲರ ಮುಖವನ್ನೂ ನೋಡುತ್ತಾ ನಿಂತಳು. ಯಾರಾದರೂ ಸಾಕು ಎನ್ನಲಿ ಎಂದು ಕಾಯುತ್ತಿದ್ದಂತಿತ್ತು. ಮಗಳ ಮುಖದ ಬಣ್ಣ ಇಳಿಯುತ್ತಾ ಬಂತು. ನಾನೇ ಸೊಸೆಯ ಕೈ ಎತ್ತಿಸಿದೆ.

"ಇನ್ನು ಮೇಲೆ ಕೈಯಲ್ಲಿ ನೋಡ್ಬೇಡಿ. ಇಲ್ಲಿ ನೋಡಿ," ಎಂದು ಅವಳ ಬುರ್ಖಾದ ತೋಳನ್ನು ಮೇಲಕ್ಕೆ ಸರಿಸಿದೆ. ಮೊಣಕೈಯ ಚರ್ಮ ಅವಳ ವಯಸ್ಸಿಗೆ ತಕ್ಕಂತೆ ಮೃದುವಾಗಿತ್ತು, ಗೂಡಿನ ಬಿಸಿನೀರಿಗೆ ಎಂದೂ ಇಳಿದಿರಲಿಲ್ಲ. ಅವಳ ತೋಳು ಹಿಡಿದು ಮೊಣಕೈಯನ್ನು ನೀರಿಗೆ ತಾಗಿಸಿದೆ.

"ಯಾ ಅಲ್ಲಾ!" ಎಂದು ಅವಳು ಹಿಂದಕ್ಕೆ ಹಾರಿದಳು. ಬೇಸಿನ್ನು ಅಲುಗಾಡಿ ನೀರು ನೆಲಕ್ಕೆ ಚೆಲ್ಲಿತು. ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಆ ನೀರನ್ನೇ ನೋಡಿದಳು, ಆಮೇಲೆ ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿದಳು. "ಅವತ್ತಿನ ನೀರು ಇದಕ್ಕಿಂತ ಬಿಸಿ ಇತ್ತಾ ಸಿಸ್ಟರ್?" ಎಂದಳು. ನಾನು ಬಗ್ಗಿ ಚೆಲ್ಲಿದ ನೀರಿನ ಮೇಲೆ ಬಟ್ಟೆ ಹಾಕಿದೆ. "ಇದಕ್ಕಿಂತ ಬಿಸಿನಾ ನಾನು ಅಮ್ಮೀಗೆ ಕೊಟ್ಟಿದ್ದು? ಅರ್ಧ ಗಂಟೆ ಕೂರಿಸ್ಬುಟ್ನಲ್ಲಾ?" ಎಂದು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೈದಾಗ ಅಳದವಳು, ಅಷ್ಟು ದಿನ ಹೊರಗೆ ಕೂರಿಸಿದಾಗ ಅಳದವಳು. ನನ್ನ ಕಣ್ಣೂ ಮಂಜಾಯಿತು. ಡಾಕ್ಟರು ಕಿಟಕಿಯ ಕಡೆ ತಿರುಗಿಕೊಂಡರು.

ಮಗಳು ಈಗ ಮೆತ್ತಗಿನ ದನಿಯಲ್ಲಿ ಅಂದಳು. "ಬೇಕಂತ ಮಾಡಿಲ್ಲ ಅನ್ನೋದು ಆಯ್ತು. ಆದ್ರೂ ಅಮ್ಮನ್ನ ನಾನು ಕರ್ಕೊಂಡು ಹೋಯ್ತೀನಿ. ಬಿಸಿನೇ ಗೊತ್ತಾಗ್ದಿರೋ ಕೈಗೆ ಹೆಂಗೆ ಬುಟ್ಟು ಹೋಗ್ಲಿ?"

ಇಷ್ಟು ಹೊತ್ತೂ ದಿಂಬಿಗೆ ಒರಗಿ ಎಲ್ಲ ನೋಡುತ್ತಿದ್ದ ಆ ತಾಯಿ ಆಗ ಬಾಯಿ ಬಿಟ್ಟರು. ನನ್ನ ಕಡೆ ತಿರುಗಿ, ನನಗೆ ಹೇಳುವಂತೆ ಹೇಳಿದರು.

"ಇವ್ಳು ನಮ್ಮನೆಗೆ ಬಂದಾಗ ಇವ್ಳ ಕೈ ಹಿಂಗಿರ್ಲಿಲ್ಲ ಸಿಸ್ಟರ್. ಮೆಹೆಂದಿ ಬಣ್ಣ ಇನ್ನೂ ಹೋಗಿರ್ಲಿಲ್ಲ, ಬೇಸಿನ್ ಮುಂದೆ ಕೂರಿಸ್ದೆ. ಕೈ ಇಟ್ಟೋಳು ಕಿರುಚ್ಕೊಂಡು ಎದ್ಬುಟ್ಲು. ಹತ್ತೂ ಬೆರಳಿಗೆ ಬೊಬ್ಬೆ. ಅನ್ನ ಕಲಸಾಕೂ ಆಗ್ತಿರ್ಲಿಲ್ಲ ಮಗೂಗೆ. ನಾನು ಏನಂದೆ ಗೊತ್ತಾ? ಒಂದು ತಿಂಗ್ಳು ಉರೀತದೆ, ಆಮೇಲೆ ಗೊತ್ತಾಗಲ್ಲ ಅಂದೆ. ಮಾರ್ನೇ ದಿನ ಕೈ ಹಿಡ್ಕೊಂಡು ನಾನೇ ನೀರಿಗೆ ಇಟ್ಟೆ."

ಆಮೇಲೆ ಮಗಳ ಕಡೆ ನೋಡಿದರು. "ನಿನ್ನ ಕೂರಿಸ್ಲಿಲ್ಲ. ಕೈ ಕೆಟ್ರೆ ಒಳ್ಳೇ ಕಡೆ ಸಂಬಂಧ ಬರಲ್ಲ ಅಂತ ನಿನ್ನ ಒಂದು ದಿನಾನೂ ಕೂರಿಸ್ಲಿಲ್ಲ. ನೀನು ಅಲ್ಲೇ ಬಾಗ್ಲಲ್ಲಿ ನಿಂತು ನೋಡ್ತಿದ್ದೆ. ನಾನು ಇವ್ಳ ಕೈ ಬೇಯಿಸ್ದಾಗ ನೀನೂ ಕೇಳ್ಲಿಲ್ಲ, ಯಾರೂ ಕೇಳ್ಲಿಲ್ಲ. ಈಗ ನನ್ನ ಕಾಲು ಬೆಂತು ಅಂತ ಊರೆಲ್ಲ ಕೇಳ್ತದೆ. ನಾನು ಎಲ್ಲಿಗೂ ಬರಲ್ಲ, ನೀನು ಹೋಗವ್ವ."

ಮಗಳು ಗೋಡೆಗೆ ಒರಗಿ ತನ್ನ ಎರಡು ಅಂಗೈಗಳನ್ನೇ ನೋಡಿಕೊಳ್ಳುತ್ತಾ ನಿಂತಳು.

ಆ ತಾಯಿ ನೆಲದ ಮೇಲಿದ್ದ ಸೊಸೆಯನ್ನು ಹತ್ತಿರ ಕರೆದರು. ಅವಳು ಮಂಡಿಯ ಮೇಲೇ ಸರಿದು ಮಂಚದ ಪಕ್ಕಕ್ಕೆ ಬಂದಳು. ಅವಳ ತೋಳನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಕೆಂಪಾಗಿದ್ದ ಮೊಣಕೈಯನ್ನು ಮುಖದ ಹತ್ತಿರ ಎಳೆದುಕೊಂಡು, "ಉರೀತೈತಾ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅತ್ತೆ ಅದರ ಮೇಲೆ ಉಫ್ ಉಫ್ ಎಂದು ಊದತೊಡಗಿದರು.